ಮರು: ಪೆಟ್ರೋಲ್ ತುಂಬಿಸೋದು ವಾಪಸ್ ಬಂದರೆ ರೇಸು ರಂಗೇರುತ್ತಾ?

ಫಾರ್ಮುಲಾ ಒನ್‌ನಲ್ಲಿ ರೇಸಿನ ಮಧ್ಯೆ ಪೆಟ್ರೋಲ್ ತುಂಬಿಸುವುದನ್ನು ವಾಪಸ್ ತಂದರೆ ಓವರ್‌ಟೇಕ್ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ. 1994ರಿಂದ 2009ರವರೆಗೆ ಅದಿತ್ತಲ್ಲ, ಟ್ರ್ಯಾಕಿನಲ್ಲಿ ಯಾಕೆ ಒದ್ದಾಡೋದು, ಪಿಟ್‌ನಲ್ಲೇ (ಪೆಟ್ರೋಲ್, ಟೈರಿಗೆ ಅಂತ ಕಾರು ನಿಲ್ಲಿಸುವ ಜಾಗ) ದಾಟೋಣ ಅಂತ ಚಾಲಕರು ಸುಮ್ನೆ ಕಾಯುತ್ತಿದ್ದರು. ಬೆಂಕಿಯ ಭಯ ಬೇರೆ. 1994ರಲ್ಲಿ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಯೋಸ್ ವರ್ಸ್ಟಪ್ಪನ್ ಕಾರು ಪಿಟ್‌ನಲ್ಲೇ ಹೊತ್ತಿಕೊಂಡಿತ್ತು. ಹೌದು, ಚಾಂಪಿಯನ್ ಚಾಲಕ ಮ್ಯಾಕ್ಸ್ ವರ್ಸ್ಟಪ್ಪನ್ ಅಪ್ಪನೇ.

ನಿಜವಾದ ತೊಂದರೆ ಕಾರಿನ ಗಾತ್ರ. ಬಳೇಪೇಟೆ ಗಲ್ಲಿಯಲ್ಲಿ ಮುಂದೆ ಇನ್ನೋವಾ ಸಿಕ್ಕಿಕೊಂಡರೆ ಎಷ್ಟು ಹಾರ್ನ್ ಹೊಡೆದರೇನು? ಆಟೋ ಆಗಿದ್ದರೆ ಹೇಗೋ ನುಸುಳಬಹುದಿತ್ತು. ಊರಿನ ಕಿರಿದಾದ ಬೀದಿಗಳಲ್ಲೇ ರೇಸು ನಡೆಯುವ ಮೊನಾಕೋ ಕಥೆಯೂ ಅದೇ. 2024ರಲ್ಲಿ ಅಲ್ಲಿ ಮೊದಲ ಹತ್ತು ಜನ ಹೊರಟ ಕ್ರಮದಲ್ಲೇ ಮುಗಿಸಿದರು. ಕ್ರಮ ಸ್ವಲ್ಪ ಅದಲುಬದಲಾಗಲಿ ಅಂತಲೇ 2025ರಲ್ಲಿ ಅಲ್ಲಿ ಎರಡು ಸಲ ಟೈರ್ ಬದಲಿಸುವುದು ಕಡ್ಡಾಯ ಅಂದರು. ಏನಾಯ್ತು? ಕೆಲವು ತಂಡಗಳು ತಮ್ಮ ಇಬ್ಬರು ಚಾಲಕರಲ್ಲಿ ಒಬ್ಬನನ್ನು ಬೇಕಂತಲೇ ನಿಧಾನ ಓಡಿಸಿ, ಹಿಂದಿನವರನ್ನೆಲ್ಲ ತಡೆದು, ತಮ್ಮ ಇನ್ನೊಬ್ಬನಿಗೆ ಪಿಟ್‌ಗೆ ಹೋಗಿಬರಲು ಸಮಯ ಮಾಡಿಕೊಟ್ಟವು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಅಲ್ಲೂ ಇದ್ದಾರೆ, ಅಲ್ವಾ!

2026ರ ನಿಯಮದಲ್ಲಿ ಅಗಲ 10 ಸೆಂಟಿಮೀಟರ್, ತೂಕ ಸುಮಾರು 30 ಕೆಜಿ ಇಳಿಸಿದ್ದಾರೆ. ಸರಿ, ಆದರೆ ಸಾಲದು. 2008ರಲ್ಲಿ ಚಾಲಕನೂ ಸೇರಿ ಕನಿಷ್ಠ ತೂಕ 605 ಕೆಜಿ ಇತ್ತು, ಈಗಲೂ 770ರ ಹತ್ತಿರ ಇದೆ. ಪೆಟ್ರೋಲ್ ಪೈಪು ಆಮೇಲೆ ನೋಡೋಣ, ಮೊದಲು ಈ ಬೊಜ್ಜು ಕರಗಿಸಲಿ.