ತಾನಾಗಿಯೇ ಬೆಳೆಯುವ ತಾಪವನ್ನು ಹಿಂದಕ್ಕೆ ತರಲು ಸಾಧ್ಯವೇ?

ಹಿಮ ಕರಗಿದಷ್ಟೂ ಭೂಮಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹಿಮ ಕರಗುತ್ತದೆ. ಇಂಥ ಚಕ್ರ ಒಮ್ಮೆ ಉರುಳತೊಡಗಿದ ಮೇಲೆ ಇಂಗಾಲದ ಹೊರಸೂಸುವಿಕೆಯನ್ನು ನಿಲ್ಲಿಸಿ ಏನು ಫಲ ಎಂದು ನೀವು ಕೇಳಿದ್ದೀರಿ. ನಿಮ್ಮ ಆತಂಕಕ್ಕೆ ಆಧಾರವಿದೆ, ಆದರೆ ಅದರಿಂದ ನೀವು ತಲುಪಿರುವ ತೀರ್ಮಾನವನ್ನು ನಾನು ಒಪ್ಪಲಾರೆ.

ತಾಪವನ್ನು ಹೆಚ್ಚಿಸುವ ಫೀಡ್‌ಬ್ಯಾಕ್, ಅಂದರೆ ಪರಿಣಾಮವೇ ಮತ್ತೆ ಕಾರಣವನ್ನು ಬಲಪಡಿಸುವ ಇಂಥ ಚಕ್ರ, ಇದೆ ಎಂದ ಮಾತ್ರಕ್ಕೆ ಅದು ಕೈಮೀರಿ ಏರುತ್ತಲೇ ಹೋಗಬೇಕೆಂದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆ ನೀರಾವಿಯೂ ಶಾಖವನ್ನು ತಡೆದಿಡುತ್ತದೆ, ನಿಜ. ಆದರೆ ಬಿಸಿಯಾದ ಭೂಮಿ ಬಾಹ್ಯಾಕಾಶಕ್ಕೆ ಮೊದಲಿಗಿಂತ ಹೆಚ್ಚು ಶಾಖವನ್ನು ಹೊರಚೆಲ್ಲುತ್ತದೆ, ಮತ್ತು ಈ ಕಡಿವಾಣ ತಾಪವೇರಿಸುವ ಫೀಡ್‌ಬ್ಯಾಕ್‌ಗಳೆಲ್ಲ ಸೇರಿದರೂ ಅವಕ್ಕಿಂತ ಬಲವಾಗಿದೆ. ಆದ್ದರಿಂದಲೇ ಕಾರ್ಬನ್ ಡೈಆಕ್ಸೈಡಿನ ನಿವ್ವಳ ಹೊರಸೂಸುವಿಕೆ (ನಾವು ಹೊರಬಿಟ್ಟದ್ದರಿಂದ ಹಿಂತೆಗೆದದ್ದನ್ನು ಕಳೆದು ಉಳಿಯುವುದು) ಸೊನ್ನೆಗೆ ಇಳಿದರೆ ಜಾಗತಿಕ ಸರಾಸರಿ ತಾಪಮಾನದ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆ ಎಂದು ಹವಾಮಾನ ಮಾದರಿಗಳು ತೋರಿಸುತ್ತವೆ. ನಿಲ್ಲುತ್ತದೆ ಎಂದೆ, ಇಳಿಯುತ್ತದೆ ಎನ್ನಲಿಲ್ಲ. ಏರಿದ ತಾಪ ಶತಮಾನಗಳ ಕಾಲ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಟಿಪ್ಪಿಂಗ್ ಪಾಯಿಂಟುಗಳ, ಅಂದರೆ ಒಮ್ಮೆ ದಾಟಿದರೆ ಬದಲಾವಣೆ ತಾನಾಗಿಯೇ ಮುಂದುವರಿಯುವ ಹೊಸ್ತಿಲುಗಳ, ವಿಷಯ ಇದಕ್ಕಿಂತ ಜಟಿಲ, ಏಕೆಂದರೆ ಭೂಮಿಯ ಒಂದೊಂದು ವ್ಯವಸ್ಥೆಗೂ ಅದರದ್ದೇ ಆದ ಹೊಸ್ತಿಲಿದೆ. ಆರ್ಕ್ಟಿಕ್ ಸಮುದ್ರದ ಬೇಸಿಗೆಯ ಹಿಮಕ್ಕೆ ಅಂಥ ಹೊಸ್ತಿಲು ಕಾಣುವುದಿಲ್ಲ. ತಾಪ ಇಳಿದರೆ ಅದು ಕೆಲವು ವರ್ಷಗಳಲ್ಲೇ ಮರಳಿ ಹೆಪ್ಪುಗಟ್ಟಬಲ್ಲದು. ನನಗೆ ನಿಜವಾಗಿ ಕಳವಳ ತರುವುದು ಗ್ರೀನ್‌ಲ್ಯಾಂಡ್. ಅಲ್ಲಿನ ಹಿಮರಾಶಿ ಕೆಲವೆಡೆ 3 ಕಿಲೋಮೀಟರಿಗೂ ಹೆಚ್ಚು ದಪ್ಪವಿದೆ. ಮೇಲ್ಮೈ ಕರಗಿ ತಗ್ಗಿದಂತೆ ಅದು ಕೆಳಗಿನ ಬೆಚ್ಚನೆಯ ಗಾಳಿಗೆ ಒಡ್ಡಿಕೊಳ್ಳುತ್ತದೆ, ಹೊರಗಿನ ತಾಪಮಾನ ಮತ್ತೆ ಏರದಿದ್ದರೂ ಕರಗುವಿಕೆ ಮುಂದುವರಿಯುತ್ತದೆ. ಹಾಗೆ ಕಳೆದುಹೋದ ಹಿಮವನ್ನು ಮತ್ತೆ ಬೆಳೆಸಲು, ಇದ್ದುದನ್ನು ಉಳಿಸಿಕೊಳ್ಳಲು ಬೇಕಿದ್ದುದಕ್ಕಿಂತ ಹೆಚ್ಚಿನ ಚಳಿ ಬೇಕಾಗುತ್ತದೆ. ಅದು ಪೂರ್ತಿ ಕರಗಿದರೆ ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆ. ಆದರೆ ಅಷ್ಟು ದೊಡ್ಡ ರಾಶಿ ಕರಗಲು ಸಾವಿರಾರು ವರ್ಷ ಹಿಡಿಯುವುದರಿಂದ, ಹೊಸ್ತಿಲು ದಾಟಿದ ತಾಪವನ್ನು ಕೆಲವು ಶತಮಾನಗಳೊಳಗೆ ಇಳಿಸಿದರೆ ಹಿಮರಾಶಿಯ ಬಹುಪಾಲು ಉಳಿಯಬಹುದೆಂದು ಲೆಕ್ಕಾಚಾರಗಳು ಸೂಚಿಸುತ್ತವೆ. ನನ್ನ ಭರವಸೆ ನಿಂತಿರುವುದು ಈ ನಿಧಾನಗತಿಯ ಮೇಲೆ.

ಹವಳದ ದಿಬ್ಬಗಳಿಗೆ ಅಂಥ ಕಾಲಾವಕಾಶವಿಲ್ಲ. ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ ತಾಪ 2 ಡಿಗ್ರಿ ಏರಿದರೆ ಅವುಗಳಲ್ಲಿ ಶೇ. 99ಕ್ಕೂ ಹೆಚ್ಚು ನಾಶವಾಗುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ 2018ರಲ್ಲೇ ಎಚ್ಚರಿಸಿದೆ. ಉತ್ತರದ ಶಾಶ್ವತ ಹೆಪ್ಪುನೆಲದಲ್ಲಿ ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು ಇಂಗಾಲ ಅಡಗಿದೆ, ಅದರಲ್ಲಿ ಕೊಳೆತು ಗಾಳಿಗೆ ಸೇರಿದ ಪಾಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ನೆಲಕ್ಕೆ ಮರಳದು.

ಇನ್ನು ತಾಪವನ್ನು ಇಳಿಸುವ ಮಾತು. ಕೇವಲ 0.1 ಡಿಗ್ರಿ ತಗ್ಗಿಸಬೇಕಾದರೂ ಗಾಳಿಯಿಂದ ಸುಮಾರು 220 ಶತಕೋಟಿ ಟನ್ ಕಾರ್ಬನ್ ಡೈಆಕ್ಸೈಡನ್ನು ಹೊರತೆಗೆಯಬೇಕಾಗುತ್ತದೆ, ಅಂದರೆ ಜಗತ್ತು ಈಗ ಐದು ವರ್ಷಗಳಲ್ಲಿ ಹೊರಸೂಸುವಷ್ಟನ್ನು. ಹೊರಬಿಡದೆ ಉಳಿಸಿದ ಪ್ರತಿ ಟನ್ನಿಗೆ ಆ ಶ್ರಮವೇ ಬೇಡ.