ಪಟ್ಟಿಗೆ 12 ಸಾಕು, ಅಭ್ಯಾಸಕ್ಕೆ 14 ಬೇಕು

18 ಹುಡುಗರಿದ್ದಾರೆ, ತಾಲ್ಲೂಕು ಮಟ್ಟದ ಕಬಡ್ಡಿಗೆ 12 ಹೆಸರು ಮಾತ್ರ ಬರೆಯಬೇಕು, ಉಳಿದ ಆರು ಜನರನ್ನು ಆಟ ನೋಡಿ ಕೈಬಿಡಲೇ, ಇಲ್ಲವೇ ಹತ್ತನೇ ತರಗತಿಯವರಿಗೆ ಇದೇ ಕೊನೆಯ ವರ್ಷವೆಂದು ಅವರನ್ನು ಉಳಿಸಿಕೊಳ್ಳಲೇ ಎಂದು ಕೇಳಿದ್ದೀರಿ. 2012ರ ಆಗಸ್ಟ್‌ನಲ್ಲಿ ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾನೂ ಒಂದು ರಾತ್ರಿ ಕುಳಿತಿದ್ದೆ.

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಆಗ ನಾನು ದೈಹಿಕ ಶಿಕ್ಷಕ. ನನ್ನ ಬಳಿ 17 ಹುಡುಗರಿದ್ದರು. ಬೆಳಿಗ್ಗೆ ಆರೂವರೆಗೆ ಬಂದು ಮೊದಲು ಅಂಕಣದ ಕಲ್ಲು ಆರಿಸುತ್ತಿದ್ದರು, ರಾತ್ರಿ ಮಳೆ ಬಂದಿದ್ದರೆ ಸುಣ್ಣದ ಪುಡಿಯಿಂದ ಗೆರೆಗಳನ್ನು ಮತ್ತೆ ಎಳೆಯುತ್ತಿದ್ದರು. ಜೂನ್‌ನಿಂದ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಒಬ್ಬೊಬ್ಬ ಹುಡುಗನ ಹೆಸರಿನ ಮುಂದೆ ಎರಡು ಕಲಂ: ಎಷ್ಟು ಜನರನ್ನು ಮುಟ್ಟಿ ಬಂದ, ಎಷ್ಟು ಜನರನ್ನು ಹಿಡಿದ. ಕೂಡಿಸಿ ನೋಡಿದೆ, ಮೇಲಿನ 12 ಹೆಸರುಗಳನ್ನು ಬರೆದೆ. ಮರುದಿನ ಉಳಿದ ಐವರನ್ನು ಕರೆದು, "ನಾಳೆಯಿಂದ ನೀವು ಬೆಳಿಗ್ಗೆ ಬರಬೇಕಾಗಿಲ್ಲ, ಓದಿಕೊಳ್ಳಿ" ಎಂದೆ. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಭಾವಿಸಿದ್ದೆ. ಆಡಲು ಸಿಗದ ಹುಡುಗ ಬೆಳಗಿನ ಜಾವ ಎದ್ದು ಮೂರು ಕಿಲೋಮೀಟರ್ ಸೈಕಲ್ ತುಳಿದು ಏಕೆ ಬರಬೇಕು?

ನಾನು ಸೋತದ್ದು ಈ ಮಾತಿನಿಂದ. ಪಟ್ಟಿಯಲ್ಲಿ ಯಾರ ಹೆಸರು ಬರೆದೆ, ಯಾರದನ್ನು ಬಿಟ್ಟೆ ಎಂಬುದರಿಂದ ಸೋಲಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದು ಸರಿಯಾಗಿ ಅದೇ ಜಾಗದಲ್ಲಿ.

ಅಂಕಣಕ್ಕೆ ಇಳಿಯುವವರು ಏಳು ಜನ. ಎದುರಿಗೆ ಏಳು. ಹಾಗಾಗಿ ಒಂದು ಪೂರ್ಣ ಅಭ್ಯಾಸ ಪಂದ್ಯಕ್ಕೆ 14 ಹುಡುಗರು ಬೇಕು. ನಾನು ಉಳಿಸಿಕೊಂಡದ್ದು 12. ಆರಾರು ಜನರ ಎರಡು ತಂಡ ಮಾಡಿ ಆಡಿಸಿದೆ. ಒಬ್ಬ ಕಡಿಮೆಯಾದರೆ ಏನಾಯಿತು ಎಂದುಕೊಂಡಿದ್ದೆ. ಆದರೆ ಎದುರು ಅಂಕಣದ ಹಿಂಭಾಗದ ಬೋನಸ್ ಗೆರೆಯಾಚೆ ಒಂದು ಕಾಲು ಊರಿ ಇನ್ನೊಂದನ್ನು ಎತ್ತಿದ ದಾಳಿಗಾರನಿಗೆ ಬೋನಸ್ ಅಂಕ ಸಿಗುವುದು ಅಲ್ಲಿ ಕನಿಷ್ಠ ಆರು ಜನರಿದ್ದಾಗ ಮಾತ್ರ. ಆರು ಜನರಿಂದಲೇ ಆಟ ಶುರು ಮಾಡಿದರೆ, ಮೊದಲ ಹುಡುಗ ಔಟ್ ಆದ ಕೂಡಲೇ ಬೋನಸ್ ಬಾಗಿಲು ಮುಚ್ಚಿತು. ಆಮೇಲೆ ಇಡೀ ಅಭ್ಯಾಸ ಐದು, ನಾಲ್ಕು, ಮೂರು ಜನರ ನಡುವೆ. ಹೀಗೆ ತಾಲ್ಲೂಕು ಪಂದ್ಯಾವಳಿ ಮುಗಿದ ಮೇಲೆ ಜಿಲ್ಲಾ ಮಟ್ಟಕ್ಕೆ ಮುಂಚೆ ಸಿಕ್ಕ ಮೂರು ವಾರವೂ ನನ್ನ ಹುಡುಗರು ಬೋನಸ್ ಗೆರೆಯನ್ನು ಕಾಯಲೇ ಇಲ್ಲ.

ಕಾಯದೇ ಇದ್ದದ್ದಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಬೇರೊಂದು ಅಭ್ಯಾಸ ಮೈಗಂಟಿತು. ಬೋನಸ್ ಇಲ್ಲದಿದ್ದಾಗ ಮೂಲೆಯ ಹುಡುಗ ದಾಳಿಗಾರನನ್ನು ಆಳಕ್ಕೆ ಬರಲು ಬಿಡುವುದು ಜಾಣತನ. ಆಳಕ್ಕೆ ಬಂದಷ್ಟೂ ಅವನಿಗೆ ಮಧ್ಯಗೆರೆ ದೂರವಾಗುತ್ತದೆ, ಹಿಡಿಯುವುದು ಸುಲಭ. ನಮ್ಮ ಎಡ ಮೂಲೆಯ ಹುಡುಗ ಒಂದೂವರೆ ಹೆಜ್ಜೆ ಹಿಂದೆ ಸರಿದು ನಿಲ್ಲುವುದನ್ನು ಕಲಿತ. ನಾನೇ ಭೇಷ್ ಎಂದಿದ್ದೆ.

ಏಳು ಜನರನ್ನು ಒಂದೇ ಕಡೆ ನಿಲ್ಲಿಸಿ ಉಳಿದ ಐವರಿಂದ ದಾಳಿ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎರಡು ದಿನ ಮಾಡಿಸಿದೆ. ಆದರೆ ಗಟ್ಟಿ ದಾಳಿಗಾರರಿಬ್ಬರೂ ಆ ಏಳರ ಒಳಗೇ ಇದ್ದರು, ಎದುರಿಗೆ ಬಂದವರು ಮೀಸಲು ಹುಡುಗರು. ಮೂರನೆಯ ದಿನ ಒಬ್ಬನಿಗೆ ಜ್ವರ, ಇನ್ನೊಬ್ಬನನ್ನು ತಂದೆ ಕಬ್ಬಿನ ಗದ್ದೆಗೆ ನೀರು ಕಟ್ಟಲು ಕರೆದುಕೊಂಡು ಹೋದರು. ಪಟ್ಟಿಯಲ್ಲಿ 12 ಇದ್ದರೆ ಅಂಗಳದಲ್ಲಿ 12 ಇರುತ್ತಾರೆ ಎಂದು ನಂಬಬೇಡಿ. ನನಗೆ ಬಹುಪಾಲು ದಿನ ಸಿಕ್ಕಿದ್ದು 10.

ಇನ್ನು, ನಾನು ಕೈಬಿಟ್ಟ ಐವರಲ್ಲಿ ಒಂಬತ್ತನೇ ತರಗತಿಯ ಒಬ್ಬ ಗಿಡ್ಡನೆಯ ಹುಡುಗನಿದ್ದ. ಅವನಿಂದ ಯಾರನ್ನೂ ಮುಟ್ಟಿ ಬರಲು ಆಗುತ್ತಿರಲಿಲ್ಲ, ತೋಳು ಚಿಕ್ಕದು. ಆದರೆ ಬೋನಸ್ ಗೆರೆಯ ಬಳಿ ಅವನ ಆಟವೇ ಬೇರೆ. ಬಲಕ್ಕೆ ಹೋಗುವವನಂತೆ ಭುಜ ತಿರುಗಿಸಿ, ಎಡಗಾಲನ್ನು ಗೆರೆಯಾಚೆ ಊರಿ, ಅದೇ ಕ್ಷಣ ಬಲಗಾಲನ್ನು ನೆಲದಿಂದ ಒಂದು ಗೇಣು ಎತ್ತಿ, ಮೂಲೆಯವನು ಬಗ್ಗುವುದರೊಳಗೆ ಹಿಂದೆ ಜಿಗಿದಿರುತ್ತಿದ್ದ. ನಮ್ಮ ರಕ್ಷಣೆಯವರು ಜೂನ್, ಜುಲೈ ಎರಡು ತಿಂಗಳೂ ಗೆರೆಯ ಬಳಿ ಎಚ್ಚರವಾಗಿದ್ದದ್ದು ಅವನೊಬ್ಬನ ಕಾಟಕ್ಕೆ. ನನ್ನ ನೋಟ್‌ಬುಕ್‌ನಲ್ಲಿ ಬೋನಸ್‌ಗೆ ಕಲಂ ಇರಲಿಲ್ಲ. ಹಾಗಾಗಿ ಅವನು ಲೆಕ್ಕಕ್ಕೆ ಬರಲಿಲ್ಲ.

ತಾಲ್ಲೂಕಿನಲ್ಲಿ ಸುಲಭವಾಗಿ ಗೆದ್ದೆವು. ಜಿಲ್ಲಾ ಮಟ್ಟದ ಸೆಮಿಫೈನಲ್‌ನಲ್ಲಿ 29–25ರಿಂದ ಸೋತೆವು. ಅವರ 29ರಲ್ಲಿ ಎಂಟು ಬೋನಸ್. ಬೋನಸ್ ಅಂಕಕ್ಕೆ ಔಟ್ ಆದವರು ಒಳಗೆ ಬರುವುದಿಲ್ಲ, ಯಾರೂ ಹೊರಗೂ ಹೋಗುವುದಿಲ್ಲ, ಆದ್ದರಿಂದ ಅಂಕಣ ನೋಡಿದರೆ ಏನೂ ಆಗಿಲ್ಲ ಎನಿಸುತ್ತದೆ. ನಾವು ಚೆನ್ನಾಗಿ ಆಡಿದಷ್ಟೂ ನಮ್ಮ ಕಡೆ ಆರೇಳು ಜನ ಉಳಿಯುತ್ತಿದ್ದರು, ಆರೇಳು ಜನ ಉಳಿದಷ್ಟೂ ಅವರಿಗೆ ಬೋನಸ್ ತೆರೆದಿರುತ್ತಿತ್ತು. ನಾವು ಒಂದು ಲೋನಾವನ್ನೂ (ಇಡೀ ತಂಡ ಔಟ್ ಆದಾಗ ಎದುರಾಳಿಗೆ ಸಿಗುವ ಹೆಚ್ಚುವರಿ ಅಂಕ) ಕೊಡಲಿಲ್ಲ, ಆದರೂ ಸೋತೆವು. ಎಡ ಮೂಲೆಯ ಹುಡುಗ ಪ್ರತಿ ಸಲವೂ ನಾನು ಹೇಳಿಕೊಟ್ಟ ಹಾಗೆ ಒಂದೂವರೆ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಎರಡೂ ಟೈಮ್ ಔಟ್‌ಗಳಲ್ಲಿ ಮುಂದೆ ನಿಲ್ಲು ಎಂದು ಕೂಗಿದೆ. ಮೂರು ವಾರ ಕಲಿತದ್ದನ್ನು 30 ಸೆಕೆಂಡ್‌ನಲ್ಲಿ ಕಾಲು ಮರೆಯುವುದಿಲ್ಲ. ಪಂದ್ಯ ಮುಗಿದ ಮೇಲೆ ಅವನು ಮಂಡಿಯ ಮಣ್ಣು ಒರೆಸಿಕೊಳ್ಳುತ್ತಾ, "ಸರ್, ಅವನು ಇದ್ದಿದ್ದರೆ ನನಗೆ ಅಭ್ಯಾಸ ತಪ್ಪುತ್ತಿರಲಿಲ್ಲ" ಎಂದ. ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ.

ಮಿತಿಯನ್ನು 15ಕ್ಕೆ ಏರಿಸಬೇಕು ಎಂದೂ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಔಟ್ ಆದವನ ಜಾಗಕ್ಕೆ ಬದಲಿ ಆಟಗಾರನನ್ನು ಇಳಿಸಲು ಕಬಡ್ಡಿಯಲ್ಲಿ ಅವಕಾಶವಿಲ್ಲ. ಬದಲಾವಣೆ ಏನಿದ್ದರೂ ಟೈಮ್ ಔಟ್‌ನಲ್ಲಿ ಅಥವಾ ವಿರಾಮದಲ್ಲಿ, ತೀರ್ಪುಗಾರರ ಅನುಮತಿ ಪಡೆದು. ಇಷ್ಟು ವರ್ಷಗಳಲ್ಲಿ ಒಂದೇ ಪಂದ್ಯದಲ್ಲಿ ನಾನು ಮೂವರಿಗಿಂತ ಹೆಚ್ಚು ಮೀಸಲು ಆಟಗಾರರನ್ನು ಇಳಿಸಿದ್ದಿಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೆ ಹೋದ ಹಾಗೆ ಪ್ರತಿ ತಂಡದ ಊಟ, ವಸತಿ, ಪ್ರಯಾಣ ಯಾರಾದರೂ ನೋಡಿಕೊಳ್ಳಬೇಕು. 15 ಮಾಡಿದರೆ ನೀವು ಆರು ಜನರ ಬದಲು ಮೂವರಿಗೆ ಇಲ್ಲ ಎನ್ನುತ್ತೀರಿ, ಆ ಮೂವರಿಗೆ ನೋವು ಕಡಿಮೆಯೇನೂ ಆಗುವುದಿಲ್ಲ.

ಹತ್ತನೇ ತರಗತಿಯವರೋ ಪ್ರತಿಭೆಯೋ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಮೊದಲ ಏಳನ್ನು ಆಟ ನೋಡಿ ಆರಿಸಿ. ಮೀಸಲು ಐವರನ್ನು ಜಾಗ ನೋಡಿ ಆರಿಸಿ: ಎರಡೂ ಮೂಲೆಗೆ ಒಬ್ಬೊಬ್ಬ, ಮೂಲೆಗೂ ಮಧ್ಯಕ್ಕೂ ನಡುವೆ ನಿಂತು ಕಾಯುವ ಕವರ್‌ಗೆ ಒಬ್ಬ, ಇಬ್ಬರು ದಾಳಿಗಾರರು, ಅವರಲ್ಲಿ ಒಬ್ಬ ಬೋನಸ್ ತರುವವನು. ಇಬ್ಬರು ಸರಿಸಮ ಎನಿಸಿದರೆ ದೊಡ್ಡ ತರಗತಿಯವನಿಗೆ ಕೊಡಿ.

ಆದರೆ ಆ ಆರು ಜನರನ್ನು ಕೈಬಿಡುವುದು ಎಂಬ ಮಾತನ್ನೇ ಬಿಟ್ಟುಬಿಡಿ. ಮಿತಿ ಇರುವುದು ಇಲಾಖೆಗೆ ಕೊಡುವ ಕಾಗದಕ್ಕೆ, ನಿಮ್ಮ ಶಾಲೆಯ ಅಂಗಳಕ್ಕೆ ಯಾರೂ ಮಿತಿ ಹಾಕಿಲ್ಲ. ನಾನು ಸೋತ ಮರುದಿನ ಆ ಗಿಡ್ಡ ಹುಡುಗನ ಮನೆಗೆ ಹೋದೆ. ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ನಾಳೆಯಿಂದ ಅಭ್ಯಾಸಕ್ಕೆ ಬಾ ಎಂದೆ. "ಪಂದ್ಯ ಮುಗಿಯಿತಲ್ಲ ಸರ್?" ಎಂದು ಕೇಳಿದ. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ನಾನು ಕ್ಷಮೆ ಕೇಳಿದೆ. ಮುಂದಿನ ವರ್ಷ ನನ್ನ ನೋಟ್‌ಬುಕ್‌ನಲ್ಲಿ ಮೂರು ಕಲಂ ಇದ್ದವು, ಪಟ್ಟಿಯ ಎಂಟನೆಯ ಹೆಸರು ಅವನದು. ಪಟ್ಟಿಗೆ ಬಾರದವರಿಗೆ ನಾನು ಆಗಿನಿಂದ ಒಂದೇ ಕೆಲಸ ಕೊಡುತ್ತಾ ಬಂದಿದ್ದೇನೆ: ಎದುರಾಳಿ ತಂಡದ ದಾಳಿಗಾರರನ್ನು ನೋಡಿ ಬಂದು, ನಮ್ಮ ಅಂಕಣದಲ್ಲಿ ಅವರ ಹಾಗೆಯೇ ಆಡುವುದು. 2014ರಲ್ಲಿ ಪ್ರೊ ಕಬಡ್ಡಿ ಟಿವಿಯಲ್ಲಿ ಬಂದ ಮೇಲಂತೂ ಇದು ಸುಲಭವಾಯಿತು, ಯಾವ ಹುಡುಗನಿಗೂ ಸೂಪರ್ ಟ್ಯಾಕಲ್ (ಮೂವರು ಅಥವಾ ಇನ್ನೂ ಕಡಿಮೆ ಜನ ಉಳಿದಿರುವಾಗ ದಾಳಿಗಾರನನ್ನು ಹಿಡಿಯುವುದು) ಎಂದರೇನು ಎಂದು ವಿವರಿಸಬೇಕಾಗಿಲ್ಲ. ಪಂದ್ಯದ ದಿನ ಅವರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಟಿಕೆಟ್ ಹಣವನ್ನು ನಾನು ಕೆಲವು ವರ್ಷ ಕೈಯಿಂದ ಹಾಕಿದ್ದೇನೆ, ಕೆಲವು ವರ್ಷ ಊರಿನವರು ಕೊಟ್ಟಿದ್ದಾರೆ.

ಹೆಸರುಗಳನ್ನು ಪ್ರಾರ್ಥನೆಯ ಸಾಲಿನಲ್ಲಿ ಇಡೀ ಶಾಲೆಯ ಮುಂದೆ ಓದಬೇಡಿ. ಸಂಜೆ ಅಂಕಣದ ಪಕ್ಕ 18 ಜನರನ್ನೂ ಕೂರಿಸಿಕೊಂಡು ಓದಿ. ಓದಿ ಮುಗಿದ ತಕ್ಷಣ ಯಾರಿಗೂ ಎದ್ದು ಹೋಗಲು ಬಿಡದೆ, ಏಳೇಳು ಜನರ ಎರಡು ತಂಡ ಮಾಡಿ ಆಟ ಶುರು ಮಾಡಿಸಿ. ಮೊದಲ ದಾಳಿಯನ್ನು ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಕೊಡಿ.