ಮೇಜಿನ ಹಲಗೆ ಏಕೆ ಸೀಳಿತು?

ಪ್ರಶ್ನೆ: ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ನಾನೇ ಊಟದ ಮೇಜು ಮಾಡಿ, ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟು ಮತ್ತು ಸ್ಕ್ರೂಗಳಿಂದ ಬಿಗಿದಿದ್ದೆ. ಒಣಹವೆ ಬಂದೊಡನೆ ಉದ್ದಕ್ಕೆ ಬಿರುಕು ಬಿಟ್ಟಿತು. ಸರಿಪಡಿಸಿ ಪಾಲಿಶ್ ಮಾಡುವುದು ಹೇಗೆ?

ಉತ್ತರ: ದೋಷವಿರುವುದು ಹಲಗೆಗಳ ಜೋಡಣೆಯಲ್ಲಲ್ಲ, ಮೇಲ್ಹಲಗೆ ಚೂರೂ ಸರಿಯದಂತೆ ನೀವು ಬಿಗಿದದ್ದರಲ್ಲಿ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ತೇವ ಕಳೆದುಕೊಂಡು ಕುಗ್ಗುತ್ತದೆ. ಈ ಚಲನೆ ನಾರಿನ ಉದ್ದಕ್ಕೆ ಅತ್ಯಲ್ಪವಾದರೂ, ಒಂದು ಮೀಟರ್ ಅಗಲದ ಹಲಗೆಯಲ್ಲಿ ಅಡ್ಡಲಾಗಿ ಹಲವು ಮಿಲಿಮೀಟರ್ ಆಗಬಹುದು. ಅದನ್ನು ಯಾವ ಸ್ಕ್ರೂ ಕೂಡ ತಡೆಯಲಾರದು, ತಡೆಯಲು ಹೊರಟರೆ ಮರವೇ ಸೀಳುತ್ತದೆ.

ಹಲಗೆಯನ್ನು ಜೋಪಾನವಾಗಿ ಬಿಡಿಸಿ, ಬಿರುಕಿನೊಳಗೆ ಅಂಟು ತುಂಬಿ ಕ್ಲಾಂಪ್ ಹಾಕಿರಿ. ಅದು ಕೂಡಿಕೊಳ್ಳದಿದ್ದರೆ ಅದೇ ಮರದ ತೆಳುಪಟ್ಟಿಯನ್ನು ನಾರಿನ ದಿಕ್ಕಿಗೇ ಕೂರಿಸಿರಿ. ಮರಳಿ ಜೋಡಿಸುವಾಗ ಅಂಟು ಬೇಡವೇ ಬೇಡ. ಚೌಕಟ್ಟಿನ ನಡುವಿನ ರಂಧ್ರಗಳನ್ನು ಮಾತ್ರ ದುಂಡಗೆ ಬಿಟ್ಟು, ಅಂಚುಗಳ ಕಡೆಯವನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು, ವಾಷರ್ ಇಟ್ಟು ಸ್ಕ್ರೂ ಹಾಕಿರಿ.

ಮೇಲ್ಮೈಯನ್ನು 120, 180, 220 ಸಂಖ್ಯೆಯ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಉಜ್ಜುಕಾಗದದಿಂದ ಕ್ರಮವಾಗಿ, ನಾರಿನ ಗುಂಟವೇ ಉಜ್ಜಿರಿ. ಊಟದ ಮೇಜಿಗೆ ನೀರು ತಾಗುವುದರಿಂದ ಎಣ್ಣೆಗಿಂತ ಪಾಲಿಯುರೆಥೇನ್ ವಾರ್ನಿಷ್ ಮೇಲೆಂಬುದು ನನ್ನ ಅಭಿಪ್ರಾಯ. ಅದನ್ನು ತೆಳುವಾಗಿ ಮೂರು ಸಲ ಬಳಿಯಿರಿ, ಹಲಗೆಯ ಅಡಿಭಾಗಕ್ಕೂ ಅಷ್ಟೇ ಸಲ. ಒಂದೇ ಬದಿಗೆ ಬಳಿದರೆ ಹಲಗೆ ಡೊಂಕಾಗುವ ಸಂಭವವಿದೆ. ಎಣ್ಣೆಯನ್ನೇ ಆರಿಸಿಕೊಂಡಲ್ಲಿ, ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯದೆ ಬಯಲಿನಲ್ಲಿ ಹರಡಿ ಒಣಗಿಸಿರಿ, ಏಕೆಂದರೆ ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು.